ಲಿನಕ್ಸ್ ಹಾಕಲು ಡಿವಿಡಿ ಕೊಳ್ಳಬೇಕಿಲ್ಲ, ಹಳೆಯ ಪೆನ್‌ಡ್ರೈವ್ ಸಾಕು

ಬಳಕೆಯಿಲ್ಲದೆ ಬಿದ್ದಿರುವ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದಕ್ಕೆ ವೆಂಟಾಯ್ ಎಂಬ ಉಚಿತ ತಂತ್ರಾಂಶವನ್ನು ಒಮ್ಮೆ ಹಾಕಿಕೊಂಡರೆ, ಆಮೇಲೆ ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್ (ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆ) ಬಗೆಗಳ ಐಎಸ್ಒ ಕಡತಗಳನ್ನು (ಇಡೀ ಸ್ಥಾಪನಾ ಡಿಸ್ಕಿನ ಪ್ರತಿಯನ್ನು ಒಂದೇ ಕಡತದಲ್ಲಿ ಇಟ್ಟಿರುವುದು) ಸಾಮಾನ್ಯ ಕಡತಗಳಂತೆಯೇ ಅದರೊಳಗೆ ನಕಲು ಮಾಡಿ, ಅದರಿಂದಲೇ ಕಂಪ್ಯೂಟರನ್ನು ಬೂಟ್ ಮಾಡಿ (ಅಂದರೆ ಚಾಲೂ ಮಾಡಿ) ಲಿನಕ್ಸ್ ಸ್ಥಾಪಿಸಬಹುದು. ವೆಂಟಾಯ್ ತನಗಾಗಿ ಸಣ್ಣದೊಂದು ಬೂಟ್ ವಿಭಾಗವನ್ನು ಇಟ್ಟುಕೊಂಡು, ಉಳಿದ ಜಾಗದಲ್ಲಿರುವ ಐಎಸ್ಒಗಳನ್ನು ಪಟ್ಟಿ ಮಾಡಿ ತೋರಿಸಿ, ನಾವು ಆರಿಸಿದ್ದನ್ನು ನೇರವಾಗಿ ಚಾಲೂ ಮಾಡುವುದರಿಂದ, ಪ್ರತಿ ಹೊಸ ಆವೃತ್ತಿಗೂ ಪೆನ್‌ಡ್ರೈವನ್ನು ಅಳಿಸಿ ಮತ್ತೆ ಬರೆಯುವ ಕೆಲಸ ತಪ್ಪುತ್ತದೆ. (ಉಬುಂಟು ಸಿಡಿಗಳನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದ ಶಿಪ್ಇಟ್ ಯೋಜನೆ 2011ರಲ್ಲೇ ನಿಂತಿದೆ, ಹಳೆಯ ಸಲಹೆಗಳನ್ನು ನಂಬಿ ಅದಕ್ಕಾಗಿ ಹುಡುಕುವುದು ವ್ಯರ್ಥ.) ಐಎಸ್ಒ ಕಡತವನ್ನು ಅಧಿಕೃತ ತಾಣವೇ ಒದಗಿಸುವ ಟೊರೆಂಟ್ (ಕಡತವನ್ನು ತುಣುಕು ತುಣುಕಾಗಿ ಹಲವರಿಂದ ಪಡೆಯುವ ವಿಧಾನ) ಮೂಲಕ ಇಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಮೇಲು, ಏಕೆಂದರೆ ಸಂಪರ್ಕ ಕಡಿದರೂ ಅದು ನಿಂತಲ್ಲಿಂದ ಮುಂದುವರಿಯುತ್ತದೆ ಮತ್ತು ಕಡತದ ಪ್ರತಿ ತುಣುಕೂ ತಾನಾಗಿಯೇ ಪರೀಕ್ಷೆಗೆ ಒಳಗಾಗುತ್ತದೆ. ಡೇಟಾ ಮಿತಿಯಿರುವವರು ಡೆಬಿಯನ್ನಿನ ಚಿಕ್ಕ ನೆಟ್‌ಇನ್‌ಸ್ಟ್ ಐಎಸ್ಒವನ್ನು ಆರಿಸಬಹುದಾದರೂ, ಉಳಿದ ಪ್ಯಾಕೇಜುಗಳಿಗಾಗಿ (ತಂತ್ರಾಂಶದ ಭಾಗಗಳಿಗಾಗಿ) ಸ್ಥಾಪನೆಯ ವೇಳೆ ಇಂಟರ್ನೆಟ್ ಬೇಕಾಗುತ್ತದೆ. ವೆಂಟಾಯ್ ಹಾಕುವಾಗ ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಬೇಕಾದುದನ್ನು ಮೊದಲೇ ಬೇರೆಡೆ ಉಳಿಸಿಕೊಳ್ಳಿ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿರುವ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ಸುರಕ್ಷತಾ ವ್ಯವಸ್ಥೆ) ಚಾಲೂ ಇರುವ ಯಂತ್ರಗಳಲ್ಲಿ ಮೊದಲ ಸಲ ವೆಂಟಾಯ್‌ನ ಕೀಲಿಯನ್ನು ನೋಂದಾಯಿಸಬೇಕಾಗಬಹುದು. ಯುಎಸ್‌ಬಿಯಿಂದ ಬೂಟ್ ಆಗದಷ್ಟು ಹಳೆಯ ಯಂತ್ರಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಅದೇ ಐಎಸ್ಒವನ್ನು ಡಿವಿಡಿಗೆ ಬರೆದುಕೊಳ್ಳಬೇಕು.