ಹಿಡ್ಕೊಂಡ ಡ್ರಮ್‌ಗೆ ಮೂರು ಕಾಲಿನ ಪುಲ್ಲರ್

ಮಾರುತಿ ಓಮ್ನಿ ವ್ಯಾನಿನ ಹಿಂದಿನ ಬ್ರೇಕ್ ಡ್ರಮ್ ಹಿಡ್ಕೊಂಡಾಗ ಪುಲ್ಲರ್ (ಕಾಲುಗಳಿಂದ ಹಿಡಿದು, ನಡುವಿನ ಸ್ಕ್ರೂ ತಿರುಗಿಸಿ ಎಳೆಯೋ ಸಾಧನ) ಹಾಕಿದ್ರೆ ಒಡೆದೇ ಒಡೆಯುತ್ತೆ ಅಂತ ಬನ್ನಿಮಂಟಪದಿಂದ ಮಂಡ್ಯದವರೆಗೆ ಎಲ್ಲರದೂ ಒಂದೇ ಮಾತು. ಈವರೆಗೆ ಏಳೆಂಟು ಸುಖವಾಗಿ ಬಂದಿವೆ. ಮೊದಲ ಎರಡು ಒಡೆದದ್ದೂ ನಿಜ, ಒಂದೊಂದಕ್ಕೆ ಸಾವಿರದ ಚಿಲ್ಲರೆ ಹೋಯ್ತು.

ನಾಲೆ ಬಯಲಲ್ಲಿ ಮಳೆಗಾಲವಿಡೀ ಗದ್ದೆ ಬದಿ ನಿಂತ ಗಾಡಿಗೆ ಎರಡು ರೋಗ. ಡ್ರಮ್ ಕೂರುವ ನಡುಭಾಗ, ಅಂದ್ರೆ ಹಬ್‌ನ ಅಂಚಿಗೆ ತುಕ್ಕು ಕಚ್ಚಿರುತ್ತೆ, ಒಳಗೆ ಬ್ರೇಕ್ ಶೂ ಸವೆಸಿದ ತೋಡಿನಿಂದ ಡ್ರಮ್ ಅಂಚಲ್ಲಿ ಏಣು ಎದ್ದಿರುತ್ತೆ. ಮೊದಲನೆಯದಕ್ಕೆ ಮಾತ್ರ ಪುಲ್ಲರ್ ಮದ್ದು. ಎರಡನೆಯದಕ್ಕೆ ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿ, ಬ್ಲೀಡರ್ ನಿಪ್ಪಲ್ (ಬ್ರೇಕ್ ಎಣ್ಣೆಯ ಗಾಳಿ ಬಿಡುವ ತಿರುಪು) ಬಿಚ್ಚಿ ಶೂ ಒಳಕ್ಕೆ ಬರುವಂತೆ ಮಾಡಬೇಕು. ಇದನ್ನ ಬಿಟ್ಟು ಎಳೆದದ್ದಕ್ಕೇ ನನ್ನ ಮೊದಲ ಡ್ರಮ್ಮಿನ ಅಂಚು ಬಿಲ್ಲೆಯಂತೆ ಕಿತ್ತು ಬಂತು. ಬೀಡು ಕಬ್ಬಿಣ ಬಾಗಲ್ಲ, ಸಿಡಿಯುತ್ತೆ.

ಪುಲ್ಲರ್‌ಗೆ ಮೊದಲು ಡ್ರಮ್ ಮುಖದ ಎರಡು 8 ಎಂ.ಎಂ. ತೂತಿಗೆ ಬೋಲ್ಟ್ ಹಾಕಿ ನೋಡಿ, ಅರ್ಧರ್ಧ ಸುತ್ತು ಸಮವಾಗಿ ಬಿಗಿದರೆ ಅವೇ ಡ್ರಮ್ಮನ್ನ ಹೊರಕ್ಕೆ ತಳ್ಳುತ್ತವೆ. ತೂತಿನ ಮರೆ (ತಿರುಪಿನ ಸುತ್ತು) ಸವೆದಿದ್ದರೆ ಅಲ್ಲಿಗೆ ಬಿಡಿ, ಎರಡನೇ ಡ್ರಮ್ ಅಲ್ಲೇ ಬಿರುಕು ಬಿಟ್ಟಿದ್ದು.

ಎರಡು ಕಾಲಿನ ಪುಲ್ಲರ್ ಬೇಡ, ಓರೆಯಾಗಿ ಎಳೆದು ಜಾರುತ್ತೆ. ಮೂರು ಕಾಲಿನದ್ದು, ಎಂಟು ಇಂಚಿನದು. ಅಗ್ಗದ್ದು ಆರೇಳುನೂರಕ್ಕೆ ಸಿಗುತ್ತೆ, ಅದರ ಕಾಲು ಎರಡೇ ಡ್ರಮ್ಮಿಗೆ ಅರಳಿ ನಿಂತಿತು. ಫೋರ್ಜಿಂಗ್‌ನದ್ದಕ್ಕೆ (ಕಾಯಿಸಿ ಬಡಿದು ಮಾಡಿದ್ದು) ಎರಡು ಸಾವಿರದ ಹತ್ತಿರ ಕೊಟ್ಟೆ. ಡ್ರಮ್‌ಗೂ ಅದರ ಹಿಂದಿನ ತಗಡು ಬ್ಯಾಕ್ ಪ್ಲೇಟ್‌ಗೂ ನಡುವೆ ಸಂದು ಸಣ್ಣದು, ಕಾಲಿನ ತುದಿ ನಾಲ್ಕು ಎಂ.ಎಂ.ಗೆ ಗ್ರೈಂಡ್ ಮಾಡಿದೆ. ಒಂದೊಂದೇ ಉಜ್ಜು, ನೀರಲ್ಲಿ ಅದ್ದು. ನೀಲಿ ತಿರುಗಿದ್ರೆ ಗಟ್ಟಿತನ ಹೋಯ್ತು. ತುದಿಗೆ ಯಾವ ಕೋನ ಕೊಟ್ಟೆ ಅನ್ನೋದು ನನ್ನಲ್ಲೇ ಇರಲಿ.

ಕಾಲುಗಳಿಗೆ ಹೊರಗಿನಿಂದ ಹೋಸ್ ಕ್ಲಿಪ್ ಬಿಗಿದರೆ ಅರಳಲ್ಲ. ಸ್ಕ್ರೂ ಮರೆಗೆ ಗ್ರೀಸು, ತುದಿಗೂ ಆಕ್ಸಲ್ ನಡುವಿಗೂ ಮಧ್ಯೆ ಹಿತ್ತಾಳೆ ತುಂಡು. ಹಬ್ ಅಂಚಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಗೇರ್ ಎಣ್ಣೆಗೆ ತಿನ್ನರ್ ಸೇರಿಸಿಯೂ ನೋಡಿದೆ, ಅರ್ಧ ಗಂಟೇಲಿ ಯಾವುದೂ ಇಳಿಯಲ್ಲ, ತುಕ್ಕು ಬಿಡಿಸೋ ಡಬ್ಬಿ ಸ್ಪ್ರೇ ಸಹ.

ಪಾನಾ ಕೈಗೆ ಗಟ್ಟಿ ಅನ್ನಿಸಿದ ಮೇಲೆ ತಿರುಗಿಸೋದು ನಿಲ್ಲಿಸಿ. ಎರಡು ಪೌಂಡಿನ ಸುತ್ತಿಗೆಯಿಂದ ಸ್ಟಡ್‌ಗಳ (ಚಕ್ರ ಬಿಗಿಯುವ ಬೋಲ್ಟ್) ನಡುವೆ ಡ್ರಮ್ ಮುಖಕ್ಕೆ ಸುತ್ತ ಬಡಿಯಿರಿ, ಮತ್ತೆ ಸ್ಕ್ರೂವನ್ನ ಕಾಲುಭಾಗ ಸುತ್ತು ತಿರುಗಿಸಿ. ಸ್ಕ್ರೂ ತಲೆಗೆ ಹೊಡೀಬೇಡಿ, ಏಟು ಆಕ್ಸಲ್ ಬೇರಿಂಗಿಗೆ ಬೀಳುತ್ತೆ. ಎದುರಿಗೆ ನಿಲ್ಲಬೇಡಿ. ‘ಟಣ್’ ಅಂತ ಬಂದಾಗ ಡ್ರಮ್ ಬಿಟ್ಟಿದೆ.

ಇಂಜಿನ್ನಿನ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಗೂ ಈ ಪುಲ್ಲರನ್ನೇ ಹಾಕಿದೆ, ಹೊರಗಿನ ಬಳೆ ಹಿಡಿದೆಳೆದು ಒಳಗಿನ ರಬ್ಬರ್ ಕಿತ್ತು ಹೋಯ್ತು. ಅಂಥದ್ದಕ್ಕೆ ನಡುವಿನ ತೂತುಗಳಿಗೆ ಬೋಲ್ಟ್ ಹಾಕುವ ಪುಲ್ಲರ್ ಬೇರೆ.

ಮತ್ತೆ ಜೋಡಿಸುವಾಗ ಹಬ್ ಅಂಚನ್ನ ಎಮರಿಯಲ್ಲಿ ಉಜ್ಜಿ ಕಾಪರ್ ಗ್ರೀಸ್ ತೆಳ್ಳಗೆ ಸವರಿ, ಶೂ ಮೇಲಿನ ಲೈನರ್‌ಗೆ ಒಂದು ಚೂರೂ ತಾಗದ ಹಾಗೆ.