ಸಿಮೆಂಟು ಕಿತ್ತು ಸುಣ್ಣ ತುಂಬಿದ ಕಲ್ಲು ಕಚೇರಿ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಒಂದು ಊರಿನಲ್ಲಿ ಮಹಾರಾಜರ ಕಾಲದ ಕಲ್ಲಿನ ಕಚೇರಿಯೊಂದಿದೆ. ಅದರ ದಾಖಲೆ ಕೊಠಡಿಯ ಹಿಂಗೋಡೆ ಕಳೆದ ಆಗಸ್ಟ್‌ನಲ್ಲಿ ಅಂಗೈ ಇಟ್ಟರೆ ಒಣಗಿತ್ತು. ನಾನು ಕಂಡಂತೆ ಇಪ್ಪತ್ತು ವರ್ಷಗಳಲ್ಲಿ ಇದು ಮೊದಲ ಸಲ. ಸುಣ್ಣದ ಗಾರೆ ಮಲೆನಾಡಿನ ಮಳೆಗೆ ನಿಲ್ಲುವುದಿಲ್ಲ ಎಂದು ವಾದಿಸಿದವರೇ ಬಂದು ಮುಟ್ಟಿ ನೋಡಿ ಹೋಗಿದ್ದಾರೆ. ಆದ್ದರಿಂದ ಈ ಅನುಭವವನ್ನು ಬರೆಯುತ್ತಿದ್ದೇನೆ.

ಗೋಡೆಯ ದಪ್ಪ ಸುಮಾರು ಎರಡೂವರೆ ಅಡಿ. ಒಳಗೂ ಹೊರಗೂ ಕಣಶಿಲೆಯ ಸೈಜುಗಲ್ಲು, ನಡುವೆ ಸುಣ್ಣದಲ್ಲಿ ಕೂರಿಸಿದ ಚಕ್ಕೆಗಲ್ಲು. ಯಾವುದೋ ದುರಸ್ತಿಯಲ್ಲಿ ಹೊರಗಿನ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿದ್ದರು. ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಗೆ ದಾರಿಯಿಲ್ಲದೆ, ಅದು ಒಳಗಿನ ಗಿಲಾವಿನ ಮೂಲಕ ಕಡತಗಳ ಕಡೆಗೆ ಬರುತ್ತಿತ್ತು. ಇನ್ನೊಮ್ಮೆ ಸಿಮೆಂಟೇ ಮೆತ್ತಬೇಕೆಂಬುದು ಎಲ್ಲರ ಸಲಹೆಯಾಗಿತ್ತು. ಬಹಳ ಕೇಳಿಕೊಂಡ ಮೇಲೆ ಹಿಂಗೋಡೆಯೊಂದನ್ನು, ಅಂದಾಜು ಒಂಬೈನೂರು ಚದರಡಿಯನ್ನು, ನನಗೆ ಬಿಟ್ಟುಕೊಟ್ಟರು.

ಮೊದಲ ವರ್ಷ ಪೂರ್ತಿ ಸೋತೆ. ಏಪ್ರಿಲ್ ಕೊನೆಯಲ್ಲಿ ಕೆಲಸ ಹಿಡಿದದ್ದೇ ತಪ್ಪು. ಸಂದಿನ ಸಿಮೆಂಟನ್ನು ಬೇಗ ಕಿತ್ತು ಮುಗಿಸಲೆಂದು ಗ್ರೈಂಡರ್ ಹಾಕಿಸಿದ್ದರಿಂದ ಮೂವತ್ತು ನಲವತ್ತು ಕಲ್ಲುಗಳ ಅಂಚು ಒಡೆಯಿತು. ಆ ಗಾಯಗಳು ಇಂದಿಗೂ ಕಾಣುತ್ತವೆ, ಕಂಡಾಗಲೆಲ್ಲ ನೋವಾಗುತ್ತದೆ. ನೀರು ಹಾಕಿ ಅರಳಿಸಿ ಎಂಟೇ ದಿನವಾಗಿದ್ದ ಸುಣ್ಣವನ್ನು ಬಳಸಿದ್ದೆ. ಜೂನ್ ಎರಡನೆಯ ವಾರದ ಮಳೆಗೆ ಅರ್ಧದಷ್ಟು ಗಾರೆ ಹಾಲಿನಂತೆ ಗೋಡೆಯ ಮೇಲೆ ಇಳಿದು ಹೋಯಿತು. ಕೂಲಿ, ಸಾರವೆ, ಸಾಮಗ್ರಿ ಸೇರಿ ಒಂದೂಕಾಲು ಲಕ್ಷದವರೆಗೆ ಕೈಯಿಂದ ಹೋಯಿತು. ಬಿಲ್ಲು ಮಂಜೂರಾಗಲಿಲ್ಲ.

ಎರಡನೆಯ ಸಲ ದೀಪಾವಳಿ ಕಳೆದ ಮೇಲೆ ಆರಂಭಿಸಿದೆ. ಸುಣ್ಣವನ್ನು ಅದಕ್ಕೂ ನಾಲ್ಕು ತಿಂಗಳು ಮೊದಲೇ ಅರಳಿಸಿ, ಗುಂಡಿಯಲ್ಲಿ ನೀರಿನಡಿ ಬಿಟ್ಟಿದ್ದೆ. ಸಿಮೆಂಟನ್ನು ಉಳಿ ಸುತ್ತಿಗೆಯಲ್ಲೇ ತೆಗೆಸಿದೆ. ಇಬ್ಬರಿಗೆ ದಿನಕ್ಕೆ ಇಪ್ಪತ್ತು ಚದರಡಿ ದಾಟುತ್ತಿರಲಿಲ್ಲ. ಸುರ್ಕಿಗೆ, ಅಂದರೆ ಗಾರೆ ಬಿಗಿಯಲೆಂದು ಸುಣ್ಣಕ್ಕೆ ಬೆರೆಸುವ ಸುಟ್ಟ ಮಣ್ಣಿನ ಪುಡಿಗೆ, ಮಂಗಳೂರು ಹೆಂಚಿನ ಪುಡಿ ಹಾಕಿ ನೋಡಿದೆ, ಗಾರೆ ಬಿಗಿಯಲಿಲ್ಲ. ಕಡಿಮೆ ಸುಟ್ಟ ಹಳೆಯ ನಾಡಹೆಂಚನ್ನು ಕುಟ್ಟಿ ಜರಡಿ ಹಿಡಿದಾಗ ಬಿಗಿಯಿತು. ಸುಣ್ಣ ಒಂದು, ಸುರ್ಕಿ ಒಂದು, ದಪ್ಪ ಕಾಳಿನ ಮರಳು ಎರಡು, ಹೆಚ್ಚು ಕಡಿಮೆ ಇದೇ ಲೆಕ್ಕ. ಬೆಲ್ಲದ ನೀರಿಗೂ ಅಳಲೆಕಾಯಿ ನೆನೆಸಿದ ನೀರಿಗೂ ಇರುವ ಅಳತೆ ಮತ್ತು ಅವನ್ನು ಬೆರೆಸುವ ಹೊತ್ತು ನನಗೆ ಹಿರಿಯ ಮೇಸ್ತ್ರಿಯೊಬ್ಬರಿಂದ ಬಂದದ್ದು. ಜೊತೆಗೆ ನಿಂತು ಕೆಲಸ ಮಾಡಿದವರಿಗೆ ಮಾತ್ರ ಅದನ್ನು ಹೇಳುತ್ತೇನೆ. ಸಂದನ್ನು ಎರಡು ಅಂಗುಲ ಆಳಕ್ಕೆ ಬಿಡಿಸಿ, ಎರಡು ಪದರಗಳಲ್ಲಿ ಒತ್ತಿ ತುಂಬಿ, ಮೂರು ವಾರ ಒದ್ದೆ ಗೋಣಿ ಕಟ್ಟಿಸಿದೆ.

ಆದರೂ ಸೂರಿನ ಕೆಳಗಿನ ಒಂದು ಪಟ್ಟಿ ಒಣಗಲೇ ಇಲ್ಲ. ಏಣಿ ಹತ್ತಿ, ಗೋಡೆಯಿಂದ ಮುಂದೆ ಚಾಚಿದ ಕಲ್ಲುಪಟ್ಟಿಯ ಅಡಿಯನ್ನು ಬೆರಳಾಡಿಸಿ ನೋಡಿದಾಗ ಕಾರಣ ಸಿಕ್ಕಿತು. ಹಳೆಯ ಕಲ್ಲುಕುಟಿಗರು ಅಲ್ಲಿ ಬೆರಳಗಲದ ಒಂದು ಸಣ್ಣ ತೋಡನ್ನು ಉದ್ದಕ್ಕೂ ಕೊರೆದಿದ್ದರು; ಮಳೆನೀರು ಹಿಂದಕ್ಕೆ ಹರಿದು ಗೋಡೆ ಮುಟ್ಟದೆ ಅಲ್ಲಿಂದಲೇ ತೊಟ್ಟಿಕ್ಕಬೇಕೆಂದು ಮಾಡಿದ್ದು. ವರ್ಷ ವರ್ಷ ಬಳಿದ ಬಣ್ಣ, ಸಿಮೆಂಟು ಅದನ್ನು ಮುಚ್ಚಿ ಹಾಕಿದ್ದವು. ಒಬ್ಬ ಆಳಿನ ನಾಲ್ಕು ದಿನದ ಕೂಲಿಯಲ್ಲಿ ಅದು ತೆರೆದುಕೊಂಡಿತು. ಇಡೀ ಕೆಲಸದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಫಲ ಕೊಟ್ಟದ್ದು ಮತ್ತೊಂದಿಲ್ಲ.

ನಡುವೆ ಕುತೂಹಲಕ್ಕೆ ಇನ್ನೊಂದು ಪರೀಕ್ಷೆ ಮಾಡಿದೆ. ಶಿಲ್ಪಿಗಳು ಎಸೆದ ಬಳಪದ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಒಂದು ಜೋಡಿ, ಸುಣ್ಣದಲ್ಲಿ ಒಂದು ಜೋಡಿ ಅಂಟಿಸಿ ಉಪ್ಪುನೀರಿನ ತಟ್ಟೆಯಲ್ಲಿ ಎರಡು ತಿಂಗಳು ಇಟ್ಟೆ. ಮೊದಲನೆಯದರಲ್ಲಿ ಉಪ್ಪು ಕಲ್ಲಿನ ಮೈಮೇಲೆಯೇ ಅರಳಿತು, ಎರಡನೆಯದರಲ್ಲಿ ಗಾರೆಯ ಮೇಲೆ. ಇದನ್ನು ಕೇಳಿದ ಗೆಳೆಯರು ಅದೇ ಬಳಪದ ಕಲ್ಲಿನ ಬೇಲೂರು, ಹಳೇಬೀಡು ದೇವಾಲಯಗಳ ಮಾತೆತ್ತಿದರು. ಹೊಯ್ಸಳರು ಅಲ್ಲಿ ಕಲ್ಲಿಗೆ ಕಲ್ಲನ್ನೇ ಕೂಡಿಸಿ ಗಾರೆಯಿಲ್ಲದೆ ಕಟ್ಟಿದ್ದಾರೆ, ಅಲ್ಲಿ ನನ್ನ ಸುಣ್ಣಕ್ಕೆ ಕೆಲಸವಿಲ್ಲ.

ಹಿಂಗೋಡೆಗೆ ಎರಡನೆಯ ಸಲ ತಗುಲಿದ್ದು ಎರಡು ಲಕ್ಷದ ಆಸುಪಾಸು. ಸಿಮೆಂಟಿನ ಅಂದಾಜಿಗಿಂತ ಎರಡು ಪಟ್ಟು. ಈ ಸಲ ಬಿಲ್ಲು ಪೂರ್ತಿ ಬಂದಿದೆ. ಮುಂಭಾಗದ ಕಮಾನುಗಳ ಕೆಲಸವನ್ನೂ ನನಗೇ ಒಪ್ಪಿಸಿದ್ದಾರೆ. ಅದಕ್ಕೆ ಬೇಕಾದ ಸುಣ್ಣ ಆಗಲೇ ಗುಂಡಿಯಲ್ಲಿದೆ.