ಹಳೆಯ ಕಾರಿನ ಮೈಲೇಜ್: ಸೆನ್ಸರ್ ಹುಡುಕಹೊರಟಾಗ ಸಿಕ್ಕ ಖಾಲಿ ಜಾಗ

ನನ್ನದು 2011ರಲ್ಲಿ ನೋಂದಣಿಯಾದ, ಒಂದು ಲೀಟರ್ ಎಂಜಿನ್ನಿನ ಚಿಕ್ಕ ಪೆಟ್ರೋಲ್ ಕಾರು. ಬೆಂಗಳೂರಿನ ವಿದ್ಯಾರಣ್ಯಪುರದ ಮನೆಯಿಂದ ಗಂಗಮ್ಮನ ಗುಡಿ ವೃತ್ತ, ಜಾಲಹಳ್ಳಿ ಹಾದು ಪೀಣ್ಯದ ಕಾರ್ಖಾನೆಗೆ ಹೋಗಿಬರುವುದೇ ಅದರ ಮುಖ್ಯ ಕೆಲಸ. ಒಂದು ಕಡೆಗೆ ಸುಮಾರು ಒಂಬತ್ತು ಕಿಲೋಮೀಟರ್. ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿರುವುದರಿಂದ ಎಲ್ಲವನ್ನೂ ಬರೆದಿಡುವ ಚಟ ನನಗಿದೆ. ಪೆಟ್ರೋಲ್ ಹಾಕಿಸಿದ ದಿನ, ಲೀಟರ್ ಮತ್ತು ಓಡಿದ ದೂರವನ್ನು ಬರೆಯುವ ಒಂದು ಪುಸ್ತಕ ಕಾರಿನಲ್ಲಿಯೇ ಇರುತ್ತದೆ. ಆ ಪುಸ್ತಕದ ಪ್ರಕಾರ 2021ರಲ್ಲಿ ಲೀಟರಿಗೆ ಸರಾಸರಿ 15.5 ಕಿಲೋಮೀಟರ್ ಓಡುತ್ತಿದ್ದ ಕಾರು ಕಳೆದ ವರ್ಷದ ಹೊತ್ತಿಗೆ 11ರ ಆಸುಪಾಸಿಗೆ ಇಳಿದಿತ್ತು. ಸಂಚಾರದಟ್ಟಣೆ, ಕಾರಿನ ವಯಸ್ಸು, ಎಥನಾಲ್ ಬೆರೆತ ಪೆಟ್ರೋಲು ಎಂದು ಒಂದೊಂದು ಸಲ ಒಂದೊಂದು ಕಾರಣ ಹೇಳಿಕೊಂಡು ನಾನು ಮೂರು ವರ್ಷ ಸುಮ್ಮನಿದ್ದೆ.

ಕೆಲಸಕ್ಕೆ ಕೈಹಾಕುವ ಮೊದಲು ಮಾಡಿದ್ದು ಅಳತೆಯನ್ನು ಬಿಗಿಗೊಳಿಸುವುದು. ಒಂದೇ ಬಂಕಿನ ಒಂದೇ ಪಂಪಿನಲ್ಲಿ, ನಳಿಕೆ ತಾನಾಗಿ ಮೊದಲ ಸಲ ನಿಂತೊಡನೆ ಸಾಕೆಂದು ಹೇಳಿ, ‘ರೌಂಡ್ ಫಿಗರ್’ ಮಾಡುವುದಕ್ಕೆ ಅವಕಾಶ ಕೊಡದೆ, ಮೂರು ಸಲ ಟ್ಯಾಂಕು ತುಂಬಿಸಿದೆ. ಬಂದ ಲೆಕ್ಕ 11.4, 10.9 ಮತ್ತು 11.3, ಸರಾಸರಿ 11.2. ಒಂದೇ ಒಂದು ಟ್ಯಾಂಕಿನ ಲೆಕ್ಕವನ್ನು ನಂಬಿ ಬಿಡಿಭಾಗ ಬದಲಿಸಿದರೆ, ಆಮೇಲೆ ಕಾಣುವ ವ್ಯತ್ಯಾಸ ಬಿಡಿಭಾಗದ್ದೋ ಪಂಪಿನದ್ದೋ ತಿಳಿಯುವುದಿಲ್ಲ. ಟೈರಿನ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಇವೆಲ್ಲ ಸರಿಯಾಗಿದ್ದವು. ಚಕ್ರಗಳನ್ನು ಜಾಕ್ ಮೇಲೆತ್ತಿ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿಲ್ಲವೆಂಬುದನ್ನೂ ನೋಡಿಕೊಂಡೆ.

ಆನಂತರ ಎಸ್.ಪಿ. ರಸ್ತೆಯಿಂದ ಓಬಿಡಿಯನ್ನು, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಗುರುತಿಸಿಕೊಳ್ಳುವ ವ್ಯವಸ್ಥೆಯನ್ನು, ಓದುವ ಏಳುನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ತಂದು, ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿ ನೋಡಿದೆ. ದೋಷದ ಕೋಡ್ ಒಂದೂ ಇರಲಿಲ್ಲ. ಚೆಕ್ ಎಂಜಿನ್ ದೀಪ ಒಂದು ದಿನವೂ ಉರಿದದ್ದಿಲ್ಲ. ದೀಪ ಉರಿಯದಿದ್ದರೆ ಸೆನ್ಸರ್‌ಗಳೆಲ್ಲ ಚೆನ್ನಾಗಿವೆ ಎಂದು ತಿಳಿಯುವವರು ಬಹಳ ಮಂದಿ. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿಯ ಮೊದಲ ಹಂತ ಕಡ್ಡಾಯವಾದದ್ದು 2010ರ ಏಪ್ರಿಲ್‌ನಲ್ಲಿ, ಎರಡನೆಯ ಹಂತ 2013ರ ಏಪ್ರಿಲ್‌ನಲ್ಲಿ. ಮೊದಲ ಹಂತದ ವ್ಯವಸ್ಥೆ ಮುಖ್ಯವಾಗಿ ನೋಡುವುದು ಸೆನ್ಸರಿನ ತಂತಿ ತುಂಡಾಗಿದೆಯೇ, ಶಾರ್ಟ್ ಆಗಿದೆಯೇ ಎಂಬುದನ್ನು. ಸೆನ್ಸರ್ ಮುದಿಯಾಗಿ ನಿಧಾನಗೊಂಡಿದ್ದರೂ ತಂತಿ ಇಡಿಯಾಗಿದ್ದರೆ ಅದಕ್ಕೆ ಎಲ್ಲವೂ ಕ್ಷೇಮ. ಆದ್ದರಿಂದ ಇಂಥ ಕಾರಿನಲ್ಲಿ ಕೋಡ್ ಓದಿ ಸ್ಕ್ಯಾನರನ್ನು ಪೆಟ್ಟಿಗೆಗೆ ಹಾಕಿಬಿಟ್ಟರೆ ಪ್ರಯೋಜನವಿಲ್ಲ. ಎಂಜಿನ್ ಓಡುತ್ತಿರುವಾಗ ಒಂದೊಂದು ಸೆನ್ಸರ್ ಏನು ಹೇಳುತ್ತಿದೆ ಎಂಬುದನ್ನು ಕುಳಿತು ನೋಡಬೇಕು.

ಮೊದಲು ಎಡವುವುದರಲ್ಲಿದ್ದದ್ದು ಮ್ಯಾಪ್ ಸೆನ್ಸರಿನಲ್ಲಿ. ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ಅಳೆಯುವ ಈ ಸೆನ್ಸರ್, ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಇರುವಾಗ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಾನು ನೋಡಿದ್ದ ಒಂದು ವೀಡಿಯೊದಲ್ಲಿ ಅದು 100 ಕಿಲೋಪ್ಯಾಸ್ಕಲ್ ಇರಬೇಕೆಂದು ಹೇಳಿದ್ದರು. ನನ್ನ ಕಾರಿನಲ್ಲಿ 91 ಬಂತು. ಸೆನ್ಸರ್ ಹೋಗಿದೆ ಎಂದು ಅಂಗಡಿಗೆ ಫೋನು ಮಾಡಿ ಬೆಲೆಯನ್ನೂ ಕೇಳಿಬಿಟ್ಟೆ. ರಾತ್ರಿ ಊಟಕ್ಕೆ ಕುಳಿತಾಗ ಹೊಳೆಯಿತು: ಆ 100 ಕಡಲತೀರದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾತಾವರಣದ ಒತ್ತಡವೇ 91ರಷ್ಟು. ಸೆನ್ಸರ್ ಸರಿಯಾಗಿಯೇ ಹೇಳುತ್ತಿತ್ತು. ಮಂಗಳೂರಿನಲ್ಲಿ ಇದೇ 91 ಬಂದಿದ್ದರೆ ಅನುಮಾನಪಡಬೇಕಿತ್ತು.

ಅಲ್ಲಿ ತಪ್ಪಿಸಿಕೊಂಡವನು ಮುಂದಿನ ಹೆಜ್ಜೆಯಲ್ಲಿ ಬಿದ್ದೆ. ಇಪ್ಪತ್ತೈದು ನಿಮಿಷ ಓಡಿಸಿದ ಮೇಲೂ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟಿನ ತಾಪಮಾನ 62 ಡಿಗ್ರಿ ಎಂದೇ ತೋರಿಸುತ್ತಿತ್ತು. ಇಂಥ ಎಂಜಿನ್ ಬಿಸಿಯಾದ ಮೇಲೆ 85ರಿಂದ 95ರ ನಡುವೆ ಇರಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ ನಿಯಂತ್ರಣ ಘಟಕವಾದ ಇಸಿಎಂ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಹಳೆಯ ಕಾರುಗಳಲ್ಲಿ ಕೈಯಿಂದ ಚೋಕ್ ಎಳೆಯುತ್ತಿದ್ದ ಹಾಗೆ. ಸೆನ್ಸರ್ ಸುಳ್ಳು ಹೇಳಿ ಇಸಿಎಂ ಅನ್ನು ದಾರಿತಪ್ಪಿಸುತ್ತಿದೆ ಎಂದು ತೀರ್ಮಾನಿಸಿ, 420 ರೂಪಾಯಿ ಕೊಟ್ಟು ಹೊಸ ಸೆನ್ಸರ್ ತಂದು ಹಾಕಿದೆ. ಮರುದಿನವೂ ಅದೇ 62.

ಆಮೇಲೆ ಮಾಡಿದ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ಈ ಸೆನ್ಸರಿನ ಒಳಗಿರುವುದು ಬಿಸಿಯಾದಷ್ಟೂ ವಿದ್ಯುತ್ ರೋಧ ಕಡಿಮೆಯಾಗುವ ಥರ್ಮಿಸ್ಟರ್. ಹಳೆಯದನ್ನೂ ಹೊಸದನ್ನೂ ಒಂದೇ ಪಾತ್ರೆಯ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿದು, ಥರ್ಮಾಮೀಟರ್ ಇಟ್ಟುಕೊಂಡು ಮಲ್ಟಿಮೀಟರಿನಲ್ಲಿ ಅಳೆದೆ. ಎರಡೂ 20 ಡಿಗ್ರಿಯಲ್ಲಿ 2,400 ಓಮ್‌ನ ಹತ್ತಿರ, 80 ಡಿಗ್ರಿಯಲ್ಲಿ 320 ಓಮ್‌ನ ಹತ್ತಿರ ಇದ್ದವು. ಹದಿನಾಲ್ಕು ವರ್ಷದ ಹಳೆಯ ಸೆನ್ಸರ್ ಹೊಸದರಷ್ಟೇ ನಿಜ ಹೇಳುತ್ತಿತ್ತು; ಎಂಜಿನ್ನೇ ತಣ್ಣಗಿತ್ತು. ಅದಕ್ಕಿಂತಲೂ ನಾಚಿಕೆಯ ಸಂಗತಿಯೆಂದರೆ, ಸುಳಿವು ನನ್ನ ಕಣ್ಣೆದುರಿಗೇ ಇತ್ತು. ತುಮಕೂರು ರಸ್ತೆಯಲ್ಲಿ ವೇಗ ಹೆಚ್ಚಿಸಿದಾಗ ತಾಪಮಾನ 58ಕ್ಕೆ ಇಳಿಯುತ್ತಿತ್ತು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ 70ರ ಮೇಲೆ ಏರುತ್ತಿತ್ತು. ಕೆಟ್ಟ ಸೆನ್ಸರಿಗೆ ಕಾರಿನ ವೇಗ ಗೊತ್ತಾಗುವುದಿಲ್ಲ, ಎದುರುಗಾಳಿಗೆ ತಣ್ಣಗಾಗುವ ರೇಡಿಯೇಟರಿಗೆ ಗೊತ್ತಾಗುತ್ತದೆ.

ಯಶವಂತಪುರದಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ರೇಡಿಯೇಟರಿಗೆ ನೀರು ಬಿಡುವ ವಾಲ್ವಾದ ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, “ಇಲ್ಲಿ ವಾಲ್ವೇ ಇಲ್ವಲ್ಲ ಸಾರ್, ತೆಗೆದುಬಿಟ್ಟಿದ್ದಾರೆ” ಎಂದರು. ಪುಸ್ತಕ ತೆಗೆದು ನೋಡಿದಾಗ ಲೆಕ್ಕ ಕೂಡಿಬಂತು. 2022ರ ಬೇಸಿಗೆಯಲ್ಲಿ ರೇಡಿಯೇಟರ್ ಫ್ಯಾನಿನ ಮೋಟಾರ್ ಸುಟ್ಟು ಕಾರು ನಡುರಸ್ತೆಯಲ್ಲಿ ಕಾದುಹೋಗಿತ್ತು. ಎಳೆಸಿಕೊಂಡು ಹೋದ ಗ್ಯಾರೇಜಿನವರು ಮೋಟಾರ್ ಬದಲಿಸಿದ್ದಲ್ಲದೆ, ಇನ್ನೊಮ್ಮೆ ಕಾಯದಿರಲಿ ಎಂಬ ಮುಂಜಾಗ್ರತೆಗೋ ಏನೋ, ನನಗೆ ಹೇಳದೆಯೇ ಥರ್ಮೋಸ್ಟಾಟನ್ನೂ ತೆಗೆದಿದ್ದರು. ಮೈಲೇಜ್ ಇಳಿಯಲು ತೊಡಗಿದ್ದು ಅದರ ಮುಂದಿನ ಪುಟದಿಂದಲೇ. ಕಾರು ಕಾಯುತ್ತದೆ ಎಂದೊಡನೆ ಈ ವಾಲ್ವನ್ನು ಕಿತ್ತೆಸೆಯುವುದು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹಳೆಯ ರೂಢಿ. ಒಳಗಿನ ಮೇಣ ಬಿಸಿಗೆ ಹಿಗ್ಗಿದಾಗ ಮಾತ್ರ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುವುದು, ಅಲ್ಲಿಯವರೆಗೆ ಎಂಜಿನ್ನಿನಲ್ಲೇ ಸುತ್ತಿಸಿ ಬೇಗ ಬಿಸಿಮಾಡುವುದು ಅದರ ಕೆಲಸ. ಅದಿಲ್ಲದಿದ್ದರೆ ಚಾಲೂ ಮಾಡಿದ ಕ್ಷಣದಿಂದಲೇ ಎಂಜಿನ್ ತಣ್ಣಗಾಗುತ್ತಿರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಈ ನಷ್ಟ ಅಷ್ಟಾಗಿ ತಿಳಿಯದೇ ಹೋಗಬಹುದು. ಬೆಂಗಳೂರಿನ ತಂಪು ಬೆಳಗಿನಲ್ಲಿ, ಒಂಬತ್ತು ಕಿಲೋಮೀಟರ್ ಓಡಿ ನಿಲ್ಲುವ ಕಾರಿಗೆ, ಎಂಜಿನ್ ಹದಕ್ಕೆ ಬರುವ ಮೊದಲೇ ಕಾರ್ಖಾನೆಯ ಗೇಟು ಬಂದಿರುತ್ತದೆ.

82 ಡಿಗ್ರಿಯಲ್ಲಿ ತೆರೆಯುವ ಹೊಸ ಥರ್ಮೋಸ್ಟಾಟನ್ನು ಜೆ.ಸಿ. ರಸ್ತೆಯಿಂದ ತಂದೆವು. ಹಾಕುವ ಮೊದಲು ಅದನ್ನೂ ಬಿಸಿನೀರಿನಲ್ಲಿ ಮುಳುಗಿಸಿ, ತೆರೆಯುವುದನ್ನು ಕಣ್ಣಾರೆ ನೋಡಿದೆ. ಫ್ಯಾನು ಸರಿಯಾದ ಹೊತ್ತಿಗೆ ತಿರುಗುತ್ತದೆಯೇ, ರೇಡಿಯೇಟರ್ ಕಟ್ಟಿಕೊಂಡಿಲ್ಲವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ವಾಲ್ವ್ ಇಲ್ಲದಾಗ ಮುಚ್ಚಿಹೋಗಿದ್ದ ದೋಷ ವಾಲ್ವ್ ಬಂದೊಡನೆ ಹೊರಬೀಳಬಹುದು. ಗಾಳಿ ಹೊರಹೋಗುವ ಚಿಕ್ಕ ಪಿನ್ನು ಮೇಲ್ಭಾಗಕ್ಕೆ ಬರುವಂತೆ ಕೂರಿಸಿ, ಬೋರ್‌ವೆಲ್ ನೀರನ್ನು ಹತ್ತಿರ ಸೇರಿಸದೆ ಬೆರೆಸಿಯೇ ಬರುವ ಕೂಲೆಂಟ್ ತುಂಬಿಸಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆವು. ಆ ಸಂಜೆ ಜಾಲಹಳ್ಳಿ ದಾಟುವ ಮೊದಲೇ 84 ಡಿಗ್ರಿ ಬಂತು. ಮುಂದಿನ ಮೂರು ಟ್ಯಾಂಕಿನ ಸರಾಸರಿ 12.4.

ಇನ್ನೂ ಬಾಕಿ ಇತ್ತು. ಫ್ಯೂಯಲ್ ಟ್ರಿಮ್ ಎಂಬ ಅಂಕಿಯೊಂದನ್ನು ಸ್ಕ್ಯಾನರ್ ತೋರಿಸುತ್ತದೆ. ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲನ್ನು ಇಸಿಎಂ ಬಿಡುತ್ತಿದೆ ಎಂಬುದನ್ನು ಅದು ಹೇಳುತ್ತದೆ. ದೀರ್ಘಕಾಲದ ಟ್ರಿಮ್ ನನ್ನ ಕಾರಿನಲ್ಲಿ ಶೇ 13 ಹೆಚ್ಚು ಇತ್ತು. ಎಲ್ಲಿಂದಲೋ ಗಾಳಿ ಒಳನುಗ್ಗುತ್ತಿದ್ದರೂ, ಸೈಲೆನ್ಸರಿನ ಕಡೆ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೋರಿಕೆಯಿದ್ದರೂ ಹೀಗಾಗಬಹುದಾದ್ದರಿಂದ, ವ್ಯಾಕ್ಯೂಮ್ ಪೈಪುಗಳನ್ನೂ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟನ್ನೂ ಮೊದಲು ಪರೀಕ್ಷಿಸಿದೆವು. ಸೋರಿಕೆ ಇರಲಿಲ್ಲ. ಉಳಿದದ್ದು ಆಕ್ಸಿಜನ್ ಸೆನ್ಸರ್.

ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ನೋಡಿ ಈ ಸೆನ್ಸರ್ ಸುಮಾರು 0.1ರಿಂದ 0.9 ವೋಲ್ಟಿನವರೆಗೆ ವಿದ್ಯುತ್ ಹುಟ್ಟಿಸುತ್ತದೆ. ಪೆಟ್ರೋಲ್ ಹೆಚ್ಚಾದರೆ ಮೇಲಕ್ಕೆ, ಗಾಳಿ ಹೆಚ್ಚಾದರೆ ಕೆಳಕ್ಕೆ. ಇಸಿಎಂ ಅದನ್ನು ನೋಡಿ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತಲೇ ಇರುವುದರಿಂದ ಆರೋಗ್ಯವಂತ ಸೆನ್ಸರಿನ ಗೆರೆ ಒಂದೇ ಸಮನೆ ಮೇಲೆ ಕೆಳಗೆ ಕುಣಿಯಬೇಕು. ಎಂಜಿನ್ ಬಿಸಿಯಾದ ಮೇಲೆ ವೇಗವನ್ನು ನಿಮಿಷಕ್ಕೆ 2,500 ಸುತ್ತಿನಲ್ಲಿ ಹಿಡಿದು ನೋಡಿದರೆ ನನ್ನ ಸೆನ್ಸರ್ ಹತ್ತು ಸೆಕೆಂಡಿನಲ್ಲಿ ಮೂರು ಸಲವಷ್ಟೇ ಅತ್ತಿತ್ತ ಹೋಗುತ್ತಿತ್ತು. ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿದಾಗಲೂ 0.6ಕ್ಕಿಂತ ಮೇಲೇರಲಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ತಾನೇ ನಿಧಾನ. ಪರದೆಯ ಮೇಲೆ ಏಳೆಂಟು ಅಂಕಿಗಳನ್ನು ಒಟ್ಟಿಗೆ ತೆರೆದಿಟ್ಟರೆ ಚೆನ್ನಾಗಿರುವ ಸೆನ್ಸರ್ ಕೂಡ ಸೋಮಾರಿಯಂತೆ ಕಾಣುತ್ತದೆ. ಬೇರೆಲ್ಲವನ್ನೂ ಮುಚ್ಚಿ ಆ ಒಂದು ವೋಲ್ಟೇಜನ್ನು ಮಾತ್ರ ಇಟ್ಟುಕೊಂಡು ನೋಡಿದ ಮೇಲೆಯೇ ನಾನು ಅದನ್ನು ಬದಲಿಸಲು ಒಪ್ಪಿದ್ದು. ಹೊಗೆ ತಪಾಸಣೆಯ ಹಳೆಯ ಚೀಟಿಯಲ್ಲಿ ಪೆಟ್ರೋಲ್ ಹೆಚ್ಚಾದಾಗ ಏರುವ ಕಾರ್ಬನ್ ಮಾನಾಕ್ಸೈಡ್ ಶೇ 0.28 ಎಂದಿತ್ತು, ಮಿತಿ ಶೇ 0.3. ಪಾಸಾಗಿದೆ ಎಂದು ಮಡಚಿಟ್ಟ ಚೀಟಿಯನ್ನು ಎರಡನೆಯ ಸಲ ಯಾರು ತಾನೇ ಓದುತ್ತಾರೆ?

ಜೆ.ಸಿ. ರಸ್ತೆಯಲ್ಲಿ ಇದೇ ಸೆನ್ಸರ್ ಒಂದು ಸಾವಿರಕ್ಕೂ ಸಿಗುತ್ತದೆ, ಮೂರೂವರೆ ಸಾವಿರಕ್ಕೂ ಸಿಗುತ್ತದೆ. ಅಗ್ಗದ್ದರಲ್ಲಿ ಕನೆಕ್ಟರ್ ಇರಲಿಲ್ಲ. ಹಳೆಯ ತಂತಿಯನ್ನು ಕತ್ತರಿಸಿ ಜೋಡಿಸಿಕೊಳ್ಳಬೇಕಿತ್ತು. ಇಂಥ ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಂತಿಯ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುವುದರಿಂದ, ಬೆಸುಗೆ ಹಾಕಿ ಅಥವಾ ಗ್ರೀಸ್ ಬಳಿದು ಆ ದಾರಿಯನ್ನು ಮುಚ್ಚಬಾರದು. ಹಳೆಯದರ ಮೇಲಿದ್ದ ಪಾರ್ಟ್ ನಂಬರನ್ನೇ ತೋರಿಸಿ 3,600 ರೂಪಾಯಿಗೆ ಅಸಲಿ ಸೆನ್ಸರನ್ನು ಬಿಲ್ಲಿನೊಂದಿಗೆ ಕೊಂಡೆ. ಬಿಚ್ಚುವುದೇ ದೊಡ್ಡ ಕೆಲಸವಾಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಎಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿ, ತಂತಿ ಹಾಯಲು ಸೀಳಿರುವ 22 ಮಿಲಿಮೀಟರ್ ಸಾಕೆಟ್ಟಿನಿಂದ ತಿರುಗಿಸಿದ ಮೇಲೆ ಅದು ಜಗ್ಗಿತು. ತುದಿಯೆಲ್ಲ ಒಣ ಮಸಿಯಿಂದ ಕಪ್ಪಾಗಿತ್ತು. ಮೂರು ವರ್ಷ ತಣ್ಣಗೇ ಓಡಿದ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿದು ಕಾರಿದ ಮಸಿ ಅದು, ಸೆನ್ಸರ್ ಬೇಗ ಮುದಿಯಾದದ್ದಕ್ಕೆ ಇಲ್ಲದ ಆ ವಾಲ್ವೇ ಕಾರಣ ಎಂಬುದು ನನ್ನ ಊಹೆ. ಮೊದಲೇ ಸೆನ್ಸರ್ ಬದಲಿಸಿ ವಾಲ್ವಿನ ಜಾಗವನ್ನು ನೋಡದೆ ಬಿಟ್ಟಿದ್ದರೆ ಹೊಸದಕ್ಕೂ ಅದೇ ಗತಿಯಾಗುತ್ತಿತ್ತು.

ಹಾಕಿದ ಮೇಲೆ ಇಸಿಎಂನ ಹಳೆಯ ಕಲಿಕೆಯನ್ನು ಸ್ಕ್ಯಾನರಿನಿಂದ ಅಳಿಸಿದೆವು. ಎರಡು ದಿನ ಐಡ್ಲಿಂಗ್ ಸ್ವಲ್ಪ ಏರುಪೇರಾಗಿ ಆಮೇಲೆ ತಾನೇ ಸರಿಹೋಯಿತು. ಟ್ರಿಮ್ ಶೇ 13ರಿಂದ 5ಕ್ಕೆ ಇಳಿದು ಅಲ್ಲಿಯೇ ನಿಂತಿತು. ಸೊನ್ನೆಗೆ ಬರಲಿಲ್ಲವೆಂದು ಮೆಕ್ಯಾನಿಕ್ ಬೇಸರಪಟ್ಟರು. ಆದರೆ ಅದು ದೋಷವಲ್ಲ. ಬರಿಯ ಪೆಟ್ರೋಲಿಗೆ ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ, ಶೇ 20 ಎಥನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬಿಡಬೇಕಾಗುತ್ತದೆ. 2021ರ ನೀತಿ ಆಯೋಗದ ವರದಿಯೇ, ಬರಿಯ ಪೆಟ್ರೋಲಿಗಾಗಿ ರೂಪಿಸಿ ಶೇ 10 ಎಥನಾಲಿಗೆ ಹೊಂದಿಸಿದ ಕಾರುಗಳಲ್ಲಿ ಶೇ 20ರ ಮಿಶ್ರಣದಿಂದ ಮೈಲೇಜ್ ಶೇ 6–7 ಇಳಿಯುತ್ತದೆಂದು ಅಂದಾಜು ಮಾಡಿದೆ. ನನ್ನ ಹಳೆಯ 15.5ರಲ್ಲಿ ಶೇ 7 ಕಳೆದರೆ ಉಳಿಯುವುದು 14.4. ಯಾವ ಸೆನ್ಸರ್ ಹಾಕಿದರೂ ಅದರ ಮೇಲೆ ಆಸೆಪಡುವಂತಿಲ್ಲ.

ಆನಂತರದ ಮೂರು ಟ್ಯಾಂಕುಗಳು 13.9, 14.3, 14.1. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.08. ಥರ್ಮೋಸ್ಟಾಟಿಗೆ 750, ಕೂಲೆಂಟಿಗೆ 600, ಆಕ್ಸಿಜನ್ ಸೆನ್ಸರಿಗೆ 3,600, ಕೂಲಿಗೆ 1,100, ಸುಮ್ಮನೆ ಬದಲಿಸಿದ ತಾಪಮಾನದ ಸೆನ್ಸರಿಗೆ 420, ಒಟ್ಟು 6,470 ರೂಪಾಯಿ. ಸ್ಕ್ಯಾನರಿನ ಏಳುನೂರು ಬೇರೆ. ತಿಂಗಳಿಗೆ ಆರುನೂರು ಕಿಲೋಮೀಟರ್ ಓಡಿಸುವ ನನಗೆ ಹನ್ನೊಂದು ಲೀಟರ್ ಉಳಿಯುತ್ತಿದೆ. ಆಗ ಲೀಟರಿಗೆ ನೂರೆರಡು ರೂಪಾಯಿ ದಾಟಿದ್ದ ಬೆಲೆಯ ಲೆಕ್ಕದಲ್ಲಿ ಹಾಕಿದ ದುಡ್ಡು ಆರೇಳು ತಿಂಗಳಲ್ಲಿ ಹಿಂದಿರುಗುತ್ತದೆ. ಕಳಚಿಟ್ಟ ಹಳೆಯ ತಾಪಮಾನದ ಸೆನ್ಸರನ್ನು, ಎರಡೂ ತಾಪಮಾನಗಳಲ್ಲಿ ಅದರ ಓಮ್ ಎಷ್ಟೆಂದು ಚೀಟಿ ಬರೆದು, ಆ ಪುಸ್ತಕದ ಜೊತೆಗೇ ಇಟ್ಟಿದ್ದೇನೆ.